ಹನ್ನೆರಡು ಹೆಸರಿನ ಪಟ್ಟಿ

ಆ ಭಾನುವಾರದ ವ್ಯಾಪಾರವನ್ನು ನಾನು ಉಳಿಸಿಕೊಂಡೆ. ಅದರ ಬೆಲೆ ಒಬ್ಬ ಅಜ್ಜಿಯ ಬಲಗಣ್ಣು. ಬೆಲೆ ತೆತ್ತವಳು ಅಜ್ಜಿ, ನಾನಲ್ಲ. ಚೌಕಾಸಿಯಲ್ಲಿ ನನ್ನನ್ನು ಗೆದ್ದವರಿಲ್ಲ ಎಂದು ಹೇಳಿಕೊಂಡು ತಿರುಗುವ ಹೆಂಗಸು ನಾನು. ಆ ಜಂಬ ಎಲ್ಲಿಗೆ ಮುಟ್ಟಿತು ಎಂದು ಹೇಳಲೇ ಇದನ್ನು ಬರೆಯುತ್ತಿದ್ದೇನೆ.

ಕೊರೋನಾ ಕಳೆದು ಕಾಲೇಜುಗಳು ಸರಿಯಾಗಿ ನಡೆಯತೊಡಗಿದ ಮರುವರ್ಷದ ಮಾತು. ನಾನಾಗ ಬಂಗಾರಪೇಟೆಯ ಕಾಲೇಜಿನಲ್ಲಿ ಕೊನೆಯ ವರ್ಷದ ಬಿ.ಕಾಂ. ಅಪ್ಪ ಗಾರೆ ಕೆಲಸದವರು. ನನ್ನ ಫೀಸು ನಾನೇ ದುಡಿದುಕೊಳ್ಳಬೇಕಿತ್ತು. ಹತ್ತನೇ ತರಗತಿಯಿಂದಲೂ ಪ್ರತಿ ಭಾನುವಾರ ರಾಬರ್ಟ್‌ಸನ್‌ಪೇಟೆಯ ಫುಟ್‌ಪಾತಿನಲ್ಲಿ ನೈಟಿ ಮಾರುತ್ತಿದ್ದೆ. ನನ್ನ ಬಾಯಿಯ ಜೋರು ಕಾಲೇಜಿಗೂ ಗೊತ್ತಿತ್ತು. ಹಾಗಾಗಿ ಸೇವಾ ಕ್ಲಬ್ಬಿಗೆ ಹುಡುಗ ಹುಡುಗಿಯರನ್ನು ಸೇರಿಸುವ ಕೆಲಸವನ್ನು ಮೇಷ್ಟ್ರು ನನಗೇ ಕೊಟ್ಟರು.

ಆ ವರ್ಷ ಕ್ಲಬ್ಬು ಹಿಡಿದದ್ದು ಕಣ್ಣಿನ ಪೊರೆಯ ಆಪರೇಷನ್. ನಂದಿದುರ್ಗದ ಗಣಿ ಲೈನುಗಳಲ್ಲಿ, ಅಂದರೆ ಚಿನ್ನದ ಗಣಿಯ ಹಳೇ ಕಾರ್ಮಿಕರ ಸಾಲುಮನೆಗಳಲ್ಲಿ, ತಪಾಸಣೆ ನಡೆದು ಹನ್ನೆರಡು ಜನ ವಯಸ್ಸಾದವರು ಆಯ್ಕೆಯಾದರು. ಬಸ್ಸು, ಊಟ, ಆಪರೇಷನ್ ಎಲ್ಲ ಆಸ್ಪತ್ರೆಯದೇ. ಅವರದು ಒಂದೇ ಷರತ್ತು. ಒಬ್ಬೊಬ್ಬರ ಜೊತೆಗೂ ಎರಡು ದಿನ ಇರಲು ಒಬ್ಬೊಬ್ಬರು ಬರಬೇಕು. ಜೊತೆಗೆ ಜನವಿಲ್ಲದವರನ್ನು ಬಸ್ಸು ಹತ್ತಿಸುವುದಿಲ್ಲ.

ಹನ್ನೆರಡು ಜನರನ್ನು ಹುಡುಕಲು ನಾನು ಆರಿಸಿಕೊಂಡದ್ದು ಬೆಳಗಿನ ರೈಲು. ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿದವರು ಬಂಗಾರಪೇಟೆ ಬರುವವರೆಗೆ ಎಲ್ಲಿಗೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಸರ್ಟಿಫಿಕೇಟು ಎಂದೆ, ಕೆಲವರು ಬಗ್ಗಲಿಲ್ಲ. ಎರಡು ದಿನಕ್ಕೆ ನಾಲ್ಕು ದಿನದ ಅಟೆಂಡೆನ್ಸ್ ಎಂದೆ, ಆಗ ಕಿವಿ ನೆಟ್ಟಗಾಯಿತು. "ಮೊದ್ಲೇ ಆಕಿಸ್ಕೊಡ್ತೀಯೇನಕ್ಕಾ?" ಎಂದು ಹೇಮಾ ಎಂಬ ಹುಡುಗಿ ಕೇಳಿದಳು. ಬಂಗಾರಪೇಟೆಗೆ ಮುಂಚಿನ ಸ್ಟೇಷನ್ನಿನಲ್ಲಿ ಹತ್ತುವ ಹಳ್ಳಿಯವಳು, ಮನೆಯಲ್ಲಿ ಹಸು ಎಮ್ಮೆ ಕಟ್ಟಿದ್ದರು, ಮಾತಿನಲ್ಲಿ ನನಗಿಂತ ಗಟ್ಟಿ. "ಶುಕ್ರವಾರವೇ ಹಾಕಿಸ್ತೀನಿ, ಹೋಗು" ಎಂದೆ. ದುಡ್ಡು ಕೈಗೆ ಬರುವ ಮುಂಚೆ ಗಿರಾಕಿಗೆ ಸರಕು ಕೊಡದವಳು ನಾನು. ಅವತ್ತು ಕೊಟ್ಟುಬಿಟ್ಟೆ.

ಏನನ್ನೂ ಕೇಳದೆ ಬಂದವಳು ಸೆಲ್ವಿ ಒಬ್ಬಳೇ. ಮೊದಲ ವರ್ಷದ ಹುಡುಗಿ, ನಂದಿದುರ್ಗದ ಲೈನಿನವಳು. ಅವಳ ಪಾಟಿ, ಅಂದರೆ ಅಜ್ಜಿ, ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ನನ್ನ ಜಾಗದಿಂದ ನಾಲ್ಕನೆಯವಳಾಗಿ ಕೂತು ಹೂವು ಕಟ್ಟುತ್ತಿದ್ದಳು. ಆಯ್ಕೆಯಾದ ಹನ್ನೆರಡು ಜನರಲ್ಲಿ ಆಕೆಯೂ ಒಬ್ಬಳು. ಬಲಗಣ್ಣಿನ ಪೊರೆ ತೀರಾ ಬಲಿತಿದೆ, ತಡ ಮಾಡಿದರೆ ಕಣ್ಣೇ ಹೋಗುತ್ತದೆ ಎಂದು ಡಾಕ್ಟರು ನನ್ನೆದುರಿಗೇ ಹೇಳಿದ್ದರು.

"ಅಕ್ಕಾ, ನಮ್ ಪಾಟಿ ಜೊತೆ ನನ್ನ ಆಕಿ" ಎಂದಳು ಸೆಲ್ವಿ.

ನಾನು ಆಗಲ್ಲ ಎಂದೆ. ಅವರವರ ಮನೆಯವರಿಗೆ ಅವರವರೇ ಹೋದರೆ ಅದು ಸೇವೆ ಹೇಗಾಗುತ್ತದೆ ಎಂದು ನಾನೇ ಒಂದು ನಿಯಮ ಮಾಡಿಟ್ಟಿದ್ದೆ. ಸೆಲ್ವಿಗೆ ಹಿಂದುಮುಂದು ಯಾರೂ ಇಲ್ಲದ ಒಬ್ಬ ತಾತನನ್ನು ಕೊಟ್ಟೆ. ಅವಳ ಪಾಟಿಯನ್ನು ಹೇಮಾಗೆ ಒಪ್ಪಿಸಿದೆ. ಪಟ್ಟಿ ಬರೆದು ಮೇಷ್ಟ್ರಿಗೆ ತೋರಿಸಿದಾಗ ಅವರು "ಶಭಾಷ್, ಎಂಥವರನ್ನೂ ಒಪ್ಪಿಸಿಬಿಡ್ತೀಯಮ್ಮ" ಎಂದರು. ಶುಕ್ರವಾರ ಎಲ್ಲರಿಗೂ ಅಟೆಂಡೆನ್ಸ್ ಹಾಕಿಸಿದೆ.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಸ್ಸು ಬಂದು ಲೈನಿನ ಮುಂದೆ ನಿಂತಿತು. ಹನ್ನೆರಡು ಜನ ಹಿರಿಯರು ಮಿಂದು, ಒಗೆದ ಬಟ್ಟೆ ಉಟ್ಟು, ಒಂದೊಂದು ಕೈಚೀಲ ಹಿಡಿದು ನಿಂತಿದ್ದರು. ನನ್ನ ಪಟ್ಟಿಯವರು ಬಂದದ್ದು ಏಳು ಜನ.

ಹೇಮಾಗೆ ಫೋನು ಮಾಡಿದೆ.

"ಅಟೆಂಡೆನ್ಸ್ ಬಿದ್ದೋಯ್ತಲ್ಲಕ್ಕಾ, ಇನ್ನೇನ್ಕೆ? ಡೈರಿಗೆ ಆಲು ಆಕೋರು ಯಾರೂ ಇಲ್ಲ ಇವತ್ತು."

"ಲೇ, ಅಜ್ಜಿ ರೆಡಿಯಾಗಿ ನಿಂತವ್ಳೆ ಕಣೇ!"

"ಅಂಗಾದ್ರೆ ನೀನೇ ಓಗಕ್ಕ" ಎಂದು ನಕ್ಕು ಫೋನಿಟ್ಟಳು.

ನಾನು ಲೈನಿನ ಬಾಗಿಲು ಬಾಗಿಲಿಗೆ ಓಡಿದೆ. ಒಬ್ಬರ ಸೊಸೆ, ಇನ್ನೊಬ್ಬರ ಮಗಳು, ಪಕ್ಕದ ಮನೆಯ ಇಬ್ಬರು, ಹೀಗೆ ನಾಲ್ಕು ಜನರನ್ನು ಬೇಡಿ, ಗದರಿಸಿ ಹತ್ತಿಸಿದೆ. ಉಳಿದವರು ಆಗಲೇ ಚರ್ಚಿಗೆ, ಮಾರ್ಕೆಟ್ಟಿಗೆ ಹೋಗಿದ್ದರು. ಸೆಲ್ವಿಯ ತಾಯಿ ಬೆಂಗಳೂರಿನಲ್ಲಿ ಹೌಸ್‌ಕೀಪಿಂಗ್ ಕೆಲಸದವಳು, ಮೊದಲ ರೈಲಿಗೇ ಹೋಗಿದ್ದಳು. ಕೊನೆಗೆ ಜೊತೆಗಾರರಿಲ್ಲದೆ ಉಳಿದದ್ದು ಸೆಲ್ವಿಯ ಪಾಟಿ ಒಬ್ಬಳೇ.

ಸೆಲ್ವಿ ತಾತನ ಕೈ ಹಿಡಿದುಕೊಂಡೇ ಬಸ್ಸಿನಿಂದ ಇಳಿದು ಬಂದಳು. "ಅಕ್ಕಾ, ಅವ್ರವ್ರ ಮನೆಯೋರಿಗೆ ಅವ್ರವ್ರೇ ಓಗ್ತಾ ಅವ್ರಲ್ಲ ಈಗ?" ಎಂದಳು. ನಾನು ಪಟ್ಟಿಯನ್ನು ಮತ್ತೆ ನೋಡಿದೆ. ಅವಳನ್ನು ಪಾಟಿಯ ಜೊತೆ ಕಳಿಸಿದರೆ ತಾತ ಉಳಿಯುತ್ತಾನೆ. ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

ಆಗ ಸೆಲ್ವಿ ಕೇಳಿದಳು. "ನೀವು ಬನ್ನಿ ಅಕ್ಕಾ. ಪಾಟಿ ಜೊತೆ ನೀವು ಬರ್ಬೌದಲ್ಲ?"

ಆ ಪಟ್ಟಿ ಹಿಡಿದು ಮೂರು ವಾರ ತಿರುಗಿದ್ದೆ. ಅದರಲ್ಲಿ ನನ್ನ ಹೆಸರು ಬರೆಯಬಹುದು ಎಂದು ಒಂದು ಸಲವೂ ನನಗೆ ಹೊಳೆದಿರಲಿಲ್ಲ. ಅವತ್ತು ದೀಪಾವಳಿಗೆ ಮುಂಚಿನ ಭಾನುವಾರ. ವರ್ಷದಲ್ಲೇ ದೊಡ್ಡ ವ್ಯಾಪಾರದ ದಿನ, ಎರಡು ಮೂಟೆ ಸರಕು ತಂದಿಟ್ಟಿದ್ದೆ. "ಇವತ್ತು ನಂಗೆ ವ್ಯಾಪಾರ ಐತಮ್ಮ. ಮುಂದಿನ ತಿಂಗಳು ಇನ್ನೊಂದು ಬಸ್ಸು ಬತ್ತದೆ, ಪಾಟೀನ ಮೊದಲ ಸೀಟಲ್ಲಿ ಕೂರಿಸ್ತೀನಿ" ಎಂದೆ. ಇನ್ನೊಂದು ಬಸ್ಸಿನ ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ.

ಸೆಲ್ವಿ ಅಳಲು ಶುರುಮಾಡಿದಳು. ಪಾಟಿಯೇ ಅವಳ ಬೆನ್ನು ತಟ್ಟಿ, "ತಾತಾಗೆ ಯಾರಿದಾರೆ? ಒಪ್ಕೊಂಡಿದೀಯ, ಪೋಮ್ಮಾ" ಎಂದು ಬಸ್ಸಿಗೆ ಹತ್ತಿಸಿದಳು. ಬಸ್ಸು ಹೊರಟ ಮೇಲೆ ಚೀಲ ಎತ್ತಿಕೊಂಡು ನನ್ನ ಜೊತೆಗೇ ಮಾರ್ಕೆಟ್ಟಿಗೆ ಬಂದಳು. ಆಸ್ಪತ್ರೆಗೆಂದು ಉಟ್ಟಿದ್ದ ಆ ಒಳ್ಳೆ ಸೀರೆಯಲ್ಲೇ ದಿನವೆಲ್ಲ ಕೂತು ಹೂವು ಕಟ್ಟಿದಳು. ನನ್ನ ಎರಡೂ ಮೂಟೆ ಸಂಜೆಯೊಳಗೆ ಖಾಲಿಯಾದವು.

ಮುಂದಿನ ತಿಂಗಳು ಬಸ್ಸು ಬರಲಿಲ್ಲ. ನಾನು ಮೇಷ್ಟ್ರನ್ನು ಎರಡು ಸಲ ಕೇಳಿದೆ, ಆಮೇಲೆ ಪರೀಕ್ಷೆ ಬಂತು, ಬಿಟ್ಟೆ. ಆರು ತಿಂಗಳಾದ ಮೇಲೆ ಒಂದು ದಿನ ಪಾಟಿ ಕಣ್ಣು ನೋವು, ತಲೆನೋವು ಎಂದು ಬಿದ್ದುಕೊಂಡಳಂತೆ. ಸೆಲ್ವಿ ತಾಯಿಗೆ ರಜೆ ಹಾಕಿಸಿ ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಪೊರೆ ಬಲಿತು ಕಣ್ಣಿನೊಳಗೆ ಒತ್ತಡ ಏರಿ ನರ ಸತ್ತಿದೆ, ಬಲಗಣ್ಣು ಇನ್ನು ಬರುವುದಿಲ್ಲ ಎಂದರಂತೆ. ಎಡಗಣ್ಣಿನ ಆಪರೇಷನ್ನನ್ನು ಸೆಲ್ವಿಯೇ ಓಡಾಡಿ ಮಾಡಿಸಿದಳು. ನಾನು ಜೊತೆಗೆ ಬರುತ್ತೇನೆ ಎಂದಿದ್ದೆ. "ನಿಮ್ಗೆ ವ್ಯಾಪಾರ ಇರ್ತದೆ ಬಿಡಿ ಅಕ್ಕಾ" ಎಂದಳು.

ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹನ್ನೆರಡು ಸರ್ಟಿಫಿಕೇಟುಗಳು ಬಂದವು. ಹೇಮಾ ಹೊಸ ಚೂಡಿದಾರ ಹಾಕಿಕೊಂಡು ಬಂದು ವೇದಿಕೆ ಹತ್ತಿ ತನ್ನದನ್ನು ತೆಗೆದುಕೊಂಡಳು. ಸೆಲ್ವಿ ಬರಲಿಲ್ಲ. ಅವಳದನ್ನು ನಾನೇ ಮಾರ್ಕೆಟ್ಟಿಗೆ ಒಯ್ದು, ಪಾಟಿಯ ಪಕ್ಕ ಕೂತಿದ್ದ ಅವಳಿಗೆ ಕೊಟ್ಟೆ. ಓದಿ, ಮಡಿಸದೆ ವಾಪಸ್ ನನ್ನ ಕೈಯಲ್ಲಿಟ್ಟಳು. "ನೀವೇ ಇಟ್ಕೊಳ್ಳಿ. ಬರೋ ವರ್ಷ ಯಾರನ್ನಾದ್ರೂ ಒಪ್ಸೋಕೆ ಬೇಕಾಗ್ತದೆ."

ಈಗ ಅದೇ ಬೀದಿಯಲ್ಲಿ ನನ್ನದು ಷಟರ್ ಇರುವ ಅಂಗಡಿ. ಪಾಟಿ ಇನ್ನೂ ಹೂವು ಕಟ್ಟುತ್ತಾಳೆ, ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಗಿರಾಕಿಯನ್ನು ನೋಡುತ್ತಾಳೆ. ನನಗೆ ಒಂದು ಮೊಳ ಕೊಟ್ಟು, ಕೇಳದೆಯೇ ನಾಲ್ಕು ಬೆರಳು ಕೊಸರು ಹಾಕುತ್ತಾಳೆ. ಕೊಸರಿಗಾಗಿ ಊರೆಲ್ಲ ಜಗಳವಾಡಿದವಳು ನಾನು. ಅವಳ ಕೊಸರನ್ನು ಮಾತ್ರ ಮುಡಿದುಕೊಳ್ಳಲು ಇವತ್ತಿಗೂ ಕೈ ಬರುವುದಿಲ್ಲ. ತಾತ ಆಗಾಗ ಅಂಗಡಿಗೆ ಬಂದು "ನಿಮ್ ಪುಣ್ಯದಿಂದ ಕಾಣ್ತದಮ್ಮ" ಎನ್ನುತ್ತಾನೆ. ಅವನಿಗೆ ಕಾಣಿಸಿದ್ದು ಯಾರ ಪುಣ್ಯದಿಂದ ಎಂದು ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಇದನ್ನು ಓದುತ್ತಿರುವವರಲ್ಲಿ ಕಾಲೇಜಿನಲ್ಲಿ ಹೀಗೆ ಜನ ಸೇರಿಸುವವರು ಇದ್ದರೆ ಕೇಳಿ. ಏನು ಸಿಗುತ್ತದೆ ಎಂದು ಹೇಳಿ ಕರೆಯಬೇಡಿ. ಸಿಕ್ಕಿದ ಮೇಲೆ ಅವರಿಗೆ ನಿಮ್ಮಲ್ಲಿ ಕೆಲಸವಿರುವುದಿಲ್ಲ. ಯಾರ ಕೈ ಹಿಡಿದು ನಡೆಸಬೇಕೋ ಅವರ ಮನೆಗೆ ಒಂದು ದಿನ ಮುಂಚೆಯೇ ಕರೆದೊಯ್ದು ಒಂದು ಲೋಟ ಟೀ ಕುಡಿಸಿ. ಮುಖ ನೋಡಿದವರು ಅಷ್ಟು ಸುಲಭವಾಗಿ ಫೋನಿಡುವುದಿಲ್ಲ. ತಮ್ಮವರಿಗಾಗಿ ಬರುತ್ತೇನೆ ಎಂದವರನ್ನು ತಡೆಯಬೇಡಿ. ಹನ್ನೆರಡು ಜನ ಬೇಕಿದ್ದರೆ ಹದಿಮೂರು ಹೆಸರು ಬರೆಯಿರಿ. ಆ ಹದಿಮೂರನೆಯದು ನಿಮ್ಮದೇ ಇರಲಿ. ಬಸ್ಸು ಬರುವ ದಿನ ನೀವೂ ಒಂದು ಚೀಲ ತುಂಬಿಸಿಕೊಂಡು ಹೋಗಿ.