ಬಂಟನ ಮೂಗಿನ ಗಾಯ

ಗಂಡ ತೀರಿಕೊಂಡಾಗ ಸಂತೆಕಲ್ಲೂರಿನ ಕರೆಮ್ಮನಿಗೆ ಮೂವತ್ತೆಂಟು ವರ್ಷ. ಅವನು ಬಿಟ್ಟುಹೋದದ್ದು ಒಂದು ಕುರಿಹಿಂಡು ಮತ್ತು ಬಂಟ ಎಂಬ ನಾಯಿ. ಹೆಂಗಸು ಹಿಂಡಿನ ಹಿಂದೆ ಅಲೆಯುವುದು ಚಂದವಲ್ಲ, ಮಾರಿಬಿಡು ಎಂದು ಭಾವ ಗ್ಯಾನಪ್ಪ ಹೇಳಿದ. ಅವಳು ಮಾರಲಿಲ್ಲ. ಬಂಟನನ್ನು ನಂಬಿ ಅಡವಿಗೆ ಹೊರಟಳು. ತೋಳ ಬಂದರೆ ಅವಳು ಕೂಗುವ ಮೊದಲೇ ಬಂಟ ಹಿಂಡಿಗೆ ಅಡ್ಡ ನಿಂತಿರುತ್ತಿತ್ತು.

೧೯೮೭ರ ಬೇಸಿಗೆಯಲ್ಲಿ ಬಂಟನ ಮೂಗಿನ ಕಪ್ಪು ಮಾಸತೊಡಗಿತು. ಮೊದಲು ಬೂದಿ ಬಣ್ಣ, ಆಮೇಲೆ ಎಳೆಗೆಂಪು. ಹಕ್ಕಳೆ ಕಟ್ಟಿತು, ಒಡೆಯಿತು, ರಕ್ತ ಜಿನುಗಿತು. ಕರೆಮ್ಮ ಅರಿಶಿನ ಹಚ್ಚಿದಳು, ಬೇವಿನೆಣ್ಣೆ ಹಚ್ಚಿದಳು. ಯಾರೋ ಹೇಳಿದರೆಂದು ಪಂಪ್‌ಸೆಟ್ಟಿನ ಸುಟ್ಟ ಆಯಿಲ್ ಕೂಡ ಹಚ್ಚಿದಳು. ನಾಯಿ ಉರಿ ತಾಳಲಾರದೆ ಮಣ್ಣಿಗೆ ಮೂಗು ತಿಕ್ಕಿತು, ಚರ್ಮ ಕಿತ್ತು ಬಂತು. ಅಂದೇ ಅವಳು ಮನೆಮದ್ದು ಬಿಟ್ಟಳು.

ಲಿಂಗಸುಗೂರಿನ ದನದ ದವಾಖಾನೆಗೆ ಹೊರಟರೆ ಬಸ್ಸಿನವರು ನಾಯಿಯನ್ನು ಹತ್ತಿಸಿಕೊಳ್ಳಲಿಲ್ಲ. ನಡೆದೇ ಹೋದಳು. ಡಾಕ್ಟರು ಮೂಗಿನಿಂದ ಕಡಲೆಬೇಳೆಯಷ್ಟು ಚರ್ಮ ತೆಗೆದು ಬೆಂಗಳೂರಿಗೆ ಕಳಿಸಿದರು. ತಿಂಗಳ ಮೇಲೆ ಉತ್ತರ ಬಂದಾಗ ಕಂಪೌಂಡರ್ ಖಾದರಬಾಷಾ ಅವಳಿಗೆ ಬಿಡಿಸಿ ಹೇಳಿದ.

"ಇದು ಹುಳದಿಂದ ಬಂದದ್ದಲ್ಲಕ್ಕಾ. ಒಬ್ಬರಿಂದ ಒಬ್ಬರಿಗೆ ಹತ್ತೂದೂ ಇಲ್ಲ. ಮೈಯಾಗ ರೋಗದ ಕೂಡ ಹೊಡದಾಡೂ ಶಕ್ತಿ ಇರ್ತೈತಲ್ಲ, ಅದು ಗುರ್ತು ತಪ್ಪಿ ತನ್ನ ಚರ್ಮಕ್ಕ ಬಿದ್ದೈತಿ. ಬಿಸಿಲು ತಾಗಿದ್ರ ಇನ್ನೂ ಜೋರಾಕ್ಕೈತಿ."

"ಯಾವಾಗ ಆರಾಮ ಆಕ್ಕೈತಣ್ಣಾ?"

"ಪೂರಾ ಆರಾಮ ಆಗಂಗಿಲ್ಲ. ಇರೂತನಕ ಜೋಪಾನ ಮಾಡಬೇಕು, ಅಷ್ಟ."

ಕರೆಮ್ಮ ಡಾಕ್ಟರು ಕೊಟ್ಟ ಗುಳಿಗೆ, ಮುಲಾಮನ್ನು ಸೆರಗಿಗೆ ಕಟ್ಟಿಕೊಂಡಳು. ಮುಲಾಮು ದಿನಕ್ಕೆ ಎಷ್ಟು ಸಲ ಹಚ್ಚಬೇಕೆಂದು ಕೇಳಿದಳು.

ಗುಳಿಗೆ ಶುರುವಾದ ಮೇಲೆ ಬಂಟ ಕೊಡಗಟ್ಟಲೆ ನೀರು ಕುಡಿಯಿತು, ಎಷ್ಟು ಹಾಕಿದರೂ ಹಸಿದೇ ಇತ್ತು. ಗಾಯ ಮಾಯುತ್ತ ಬಂದಂತೆ ಡಾಕ್ಟರು ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸದೆ ಮೆಲ್ಲಗೆ ಇಳಿಸಿದರು. ಮುಲಾಮಿನದೇ ದೊಡ್ಡ ಕಷ್ಟ. ಹಚ್ಚಿದ ಕೂಡಲೇ ನಾಯಿ ನೆಕ್ಕಿಬಿಡುತ್ತಿತ್ತು. ಅದಕ್ಕೆ ಅವಳು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಲಾಮು ಇಂಗುವವರೆಗೂ ದವಡೆ ಹಿಡಿದು ಮಾತಾಡುತ್ತ ಕೂರುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಿಂಡಿನ ದಿನಚರಿಯೂ ಬದಲಾಯಿತು. ನಸುಕಿಗೇ ಮೇಯಿಸಲು ಹೊರಡುವುದು, ಬಿಸಿಲೇರುವ ಹೊತ್ತಿಗೆ ಹಳ್ಳದ ದಂಡೆಯ ಬೇವಿನ ಮರಗಳ ಕೆಳಗೆ ಸೇರುವುದು, ಹೊತ್ತಿಳಿದ ಮೇಲೆ ಮತ್ತೆ ಹೊರಡುವುದು. ಭತ್ತ ಕೊಯ್ದ ಮೇಲೆ ಉಳಿದ ಕುರುಬರೆಲ್ಲ ತುರ್ವಿಹಾಳದ ಕಾಲುವೆ ಗದ್ದೆಗಳಿಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದರು. ಅಲ್ಲಿ ನಾಯಿಗೆ ನೆರಳಿಲ್ಲವೆಂದು ಅವಳು ಹೋಗಲಿಲ್ಲ. ಅವರ ಕುರಿಗಳು ಮೈತುಂಬಿಕೊಂಡು ಬಂದವು, ಇವಳವು ಬಡಕಲಾಗಿಯೇ ಉಳಿದವು.

ಹೀಗೆ ನಾಲ್ಕು ವರ್ಷ ಕಳೆಯಿತು. ಗ್ಯಾನಪ್ಪನ ಸೊಸೆ ಯಮನೂರಮ್ಮ ನಾಟಿಯ ಕೂಲಿಗೆ ತುರ್ವಿಹಾಳಕ್ಕೆ ಹೋಗಿ ಬಂದವಳು ಮುಖ ಮುಚ್ಚಿಕೊಂಡು ಮೂಲೆಗೆ ಕೂತಳು. ಮೂಗಿನ ಮೇಲೆ, ಎರಡೂ ಕೆನ್ನೆಯ ಮೇಲೆ ಕೆಂಪು ಕಲೆ. ಊರಲ್ಲಿ ಮಾತು ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ. ಗ್ಯಾನಪ್ಪ ಬಡಿಗೆ ಹಿಡಿದು ಕರೆಮ್ಮನ ಅಂಗಳಕ್ಕೆ ಬಂದ.

"ನಿನ್ನ ನಾಯಿ ರೋಗ ನನ್ನ ಮನಿಗೆ ಬಂದೈತಿ. ಸರಿ ಅತ್ತಾಗ!"

ನಾಯಿಗೆ ಅಡ್ಡ ನಿಂತಿದ್ದ ಕರೆಮ್ಮ ಸರಿಯಲಿಲ್ಲ. ಎರಡೂ ಕೈ ಮುಂದೆ ಚಾಚಿದಳು.

"ನಾಕ ವರ್ಷ ಇದರ ಮೂಗು ನನ್ನ ತೊಡಿ ಮ್ಯಾಲೈತ್ರಿ ಭಾವಾ. ಹತ್ತೂದಿದ್ರ ಮೊದಲ ನನಗ ಹತ್ತಬೇಕಿತ್ತು. ನೋಡ್ರಿ ನನ್ನ ಕೈ."

ಗ್ಯಾನಪ್ಪ ಕೈಗಳನ್ನು ನೋಡಿದ. ಬಡಿಗೆ ಕೆಳಗಿಳಿಯಿತು, ಆದರೆ ಮಾತು ಇಳಿಯಲಿಲ್ಲ. "ಸೊಸಿನ್ನ ನಾಳೆ ಸಾಲಗುಂದಕ್ಕ, ತವರಿಗೆ ಕಳಸ್ತೀವಿ. ತಿರುಗಿ ಕರಕೊಳ್ಳಂಗಿಲ್ಲ" ಎಂದು ಹೋದ.

ಅಂದೇ ಕರೆಮ್ಮ ಅವರ ಮನೆಗೆ ಹೋಗಿ ಯಮನೂರಮ್ಮನ ಸೆರಗು ಸರಿಸಿ ಮುಖ ನೋಡಿದಳು. ಕಲೆ ಕಂಡಾಗಿನಿಂದ ಯಾರೂ ಅವಳನ್ನು ಮುಟ್ಟಿರಲಿಲ್ಲ.

"ಬಿಸಿಲಿಗೆ ಉರಿತೈತೇನವಾ?"

"ಬೆಂಕಿ ಇಟ್ಟಂಗಾಕ್ಕೈತಿ ಸಣ್ಣತ್ತಿ. ಕೀಲೆಲ್ಲ ನೋಯಾಕತ್ತಾವ." ಹುಡುಗಿ ಅತ್ತುಬಿಟ್ಟಳು.

ಮರುದಿನ ತವರಿಗೆ ಹೋಗಬೇಕಿದ್ದವಳನ್ನು ಕರೆಮ್ಮ ರಾಯಚೂರಿನ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋದಳು. ಇದು ನಾಯಿಯಿಂದ ಬಂದದ್ದಲ್ಲ, ಯಾರಿಗೂ ಅಂಟುವುದೂ ಇಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದರು. ಆದರೆ ರೋಗದ ಜಾತಿ ಅದೇ. ಮೈ ತನ್ನ ಮೇಲೆ ತಾನೇ ಬೀಳುವಂಥದ್ದು. ಮೂತ್ರಪಿಂಡಕ್ಕೂ ತಗುಲಿದೆ, ಜೀವಮಾನವಿಡೀ ಗುಳಿಗೆ ನುಂಗಬೇಕು. ಡಾಕ್ಟರು ಬರೆದುಕೊಟ್ಟ ಚೀಟಿ ನೋಡಿದ ಮೇಲೆ ಗ್ಯಾನಪ್ಪ ಸೊಸೆಯನ್ನು ಮನೆಯಲ್ಲಿ ಇರಗೊಟ್ಟ. ರಾಯಚೂರಿಗೆ ಮಾತ್ರ ಅವರ ಮನೆಯ ಯಾರೂ ಜೊತೆಗೆ ಹೋಗಲಿಲ್ಲ. ತಿಂಗಳಿಗೊಮ್ಮೆ ಕರೆಮ್ಮನೇ ಹೋದಳು.

೧೯೯೫ರ ಚಳಿಗಾಲದಲ್ಲಿ ಬಂಟ ಮುಪ್ಪಿನಿಂದ ಸತ್ತಿತು. ಮೂಗು ಕಡೆಯವರೆಗೂ ಮತ್ತೆ ಕಪ್ಪಾಗಲಿಲ್ಲ. ಪ್ರತಿ ಬೇಸಿಗೆಗೂ ಕೆರಳಿ, ಪ್ರತಿ ಸಲವೂ ಮಾಯ್ದು, ತೆಳ್ಳಗೆ ಎಳೆಗೆಂಪಾಗಿಯೇ ಉಳಿದಿತ್ತು. ಹೊತ್ತು ಮುಳುಗಿದ ಮೇಲೆ ಯಮನೂರಮ್ಮ ಬಂದಳು. ಇಬ್ಬರೂ ಸೇರಿ ಹಳ್ಳದ ದಂಡೆಯಲ್ಲಿ ಗುಂಡಿ ತೋಡಿದರು. ಮರುದಿನ ಯಮನೂರಮ್ಮ ರಾಯಚೂರಿನ ದವಾಖಾನೆಗೆ ಹೋಗುವ ಪಾಳಿ ಇತ್ತು. ಕರೆಮ್ಮ ಹಿಂಡನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಅವಳ ಜೊತೆ ಬೆಳಗಿನ ಬಸ್ಸು ಹತ್ತಿದಳು.