ಉಡಿಯೊಳಗ ಬೀಜ ಕಟಗೊಂಡು ಇನ್ನೊಂದು ದೇಶಕ್ಕ ದಾಟಿದ್ದು

ನಮ್ಮ ಮನಿತನದ ಹುಡುಗರು ಈಗ ಇಮಾನ ಹತ್ತಿ ಹೊರದೇಶಕ್ಕ ಹೋಗತಾರ. ಹೊಂಡೂ ಮುಂದ ಮನಿ ತುಂಬ ಮಂದಿ ಕುಂತು ಬುದ್ಧಿ ಹೇಳತಾರ. ಗಂಟಿನಾಗ ಏನಿಡಬೇಕು, ಏನಿಡಬಾರದು, ಅಲ್ಲಿ ಬಾಗಲದಾಗ ನಿಂತಾವ ಏನು ಕೇಳತಾನ, ಅದಕ್ಕ ಏನು ಹೇಳಬೇಕು. ಹೇಳೋರೊಳಗ ಅರ್ಧ ಮಂದಿ ವರದಾ ಹೊಳಿ ದಾಟಿದವರಲ್ಲ. ನಾನು ಒಂದು ದೇಶ ಬಿಟ್ಟು ಇನ್ನೊಂದು ದೇಶಕ್ಕ ಎಷ್ಟೋ ಸಲ ದಾಟೇನಿ. ನನ್ನ ಯಾರೂ ಕೇಳಂಗಿಲ್ಲ. ಅದಕ್ಕ ಬರದಿಡತೇನಿ. ಅಕ್ಷರ ನನಗ ತಡಾ ಆಗಿ ಬಂದಾವು. ತಪ್ಪಿದ್ರ ತಿದ್ದಿಕೊಂಡು ಓದ್ರಿ, ತಿದ್ದಿ ತೋರಸಾಕ ನನ್ನ ಹಂತೇಕ ಬರಬ್ಯಾಡ್ರಿ.

ನನ್ನ ತವರುಮನಿ ಶಿಗ್ಗಾಂವ ತಾಲೂಕಿನ ಹಿರೇಬೆಂಡಿಗೇರಿ. ಅದು ಇಂಗ್ರೇಜಿ ಸರಕಾರದ್ದು. ನನ್ನ ಕೊಟ್ಟದ್ದು ಸವಣೂರಿನ ಬಾಜೂಕಿನ ಒಂದು ಹಳ್ಳಿಗೆ. ಅದು ನವಾಬರ ಸೀಮಿ. ಮುಂಜಾನೆ ಗಾಡಿ ಹೂಡಿದ್ರ ಊಟದ ಹೊತ್ತಿಗೆ ಮುಟ್ಟೋ ಹಾದಿ. ನಡುವ ಒಂದು ನಾಕಾ. ಎರಡು ಕಂಬ, ಅಡ್ಡ ಒಂದು ಬಿದಿರಿನ ಗಳ, ಬಾಜೂಕ ಒಂದು ಚಪ್ಪರ, ಚಪ್ಪರದಾಗ ಎಲಿ ಅಡಿಕಿ ಹಾಕ್ಕೊಂಡು ಕುಂತ ಒಬ್ಬ ಮನಷ್ಯಾ. ಆ ಗಳದ ಈ ಕಡೆ ಒಂದು ದೇಶ, ಆ ಕಡೆ ಇನ್ನೊಂದು. ಎರಡೂ ಕಡೆ ಅದ ಎರೀ ಮಣ್ಣು, ಅದ ಮಾತು. ನಾಯಿ ಬೊಗಳೋದೂ ಬ್ಯಾರೆ ಇದ್ದಿಲ್ಲ. ಆದ್ರ ಇಂಗ್ರೇಜಿಯವರ ದೊಡ್ಡ ಲಡಾಯಿ ನಡದ ವರ್ಷಗಳೊಳಗ ಕಾಳು ಕಡಿ ಆ ಗಳ ದಾಟಬಾರದು ಅಂತ ಹುಕುಂ ಆತು. ದಾಟಸಬೇಕಂದ್ರ ಕಚೇರಿಯ ಪರವಾನಗಿ ಬೇಕು. ಕಚೇರಿಗೆ ಹೋದ್ರ ಸಾಹೇಬರು ತಿರಗಾಟದಾಗ ಇರತಿದ್ರು. ಅವರು ಬರೂದರೊಳಗ ಬೆಳಿ ಬಂದು ಹೋಗತಿತ್ತು.

ಈಗ ಭಾವನ ಸುದ್ದಿ ಹೇಳಬೇಕು. ನನ್ನ ಗಂಡನ ಅಣ್ಣ. ಮುಂಬಯಿಗೆ ಹೋಗಿ ಬಂದಾವ. ಅಲ್ಲಿ ಏನು ಮಾಡಿದ ಅಂತ ಯಾರಿಗೂ ಗೊತ್ತಿಲ್ಲ. ಬಂದಾಗ ಕಾಲಾಗ ಬೂಟು, ಬಾಯಾಗ ಹಿಂದೂಸ್ತಾನಿ ಇತ್ತು. ಸಮುದ್ರದ ದಂಡಿ ಮ್ಯಾಲ ನಿಂತು ಹಡಗ ನೋಡೇನಿ ಅಂತಿದ್ದ. ನೋಡಿದ್ದಕ್ಕ ದೇಶಾಂತರದ ಶಾಣ್ಯಾ ಆಗಿಬಿಟ್ಟಿದ್ದ. ಹಾನಗಲ್ ಪ್ಯಾಟಿಗೆ ಹೋಗೋರು, ಹಿರೇಕೆರೂರಿಗೆ ಹೆಣ್ಣು ನೋಡಾಕ ಹೋಗೋರು ಸೈತ ಆತನ ಮುಂದ ಕುಂತು ಕೇಳಿಕೊಂಡು ಹೋಗತಿದ್ರು. ಮಾಸೂರಿಗೆ ಹೋಗಾಂವಗ ಒಂದು ಸಲ ಕೆರೀ ನೀರು ಕಾಸಿ ಕುಡಿ, ಪರಸ್ಥಳದ ನೀರು ಅಂತ ಹೇಳಿದ್ದ. ಹೋಗಾಂವ ಹುಟ್ಟಿದ್ದ ಮಾಸೂರಾಗ.

ಬೀಜದ ಜೋಳ ಬೂದಿ ಹಚ್ಚಿ ಗಡಿಗಿಯೊಳಗ ಇಡೋದು ನಮ್ಮಲ್ಲಿ ರೂಢಿ. ಆ ವರ್ಷ ಭಾವ "ಮುಂಬಯಿಯೊಳಗ ಹಿಂಗ ಹೊಲಸ ಮಾಡಿ ಇಡಂಗಿಲ್ಲ" ಅಂತ ಹೇಳಿ ಬೀಜ ತೊಳದು ಒಣಗಿಸಿ ಹಗೇವಿಗೆ ಇಳಸಿದ. ಮುಂಬಯಿಯೊಳಗ ಯಾರು ಜೋಳ ಬಿತ್ತತಾರ ಅಂತ ಕೇಳೋ ಗಂಡಸು ನಮ್ಮ ಮನಿಯಾಗ ಇದ್ದಿಲ್ಲ. ಮಳಿ ನೀರು ನೆಲದಾಗಿನ ಹಗೇವಿಗೆ ಇಳೀತು. ತಗದಾಗ ಬೀಜ ನಾರತಿತ್ತು, ಎಮ್ಮಿನೂ ಮೂಸಿ ಹೊಳ್ಳಿತು.

ಹಿಂಗಾರಿ ಬಿತ್ತೋ ಹದ ಬಂದಿತ್ತು. ಹೊಲದಾಗ ಹಸಿ ಇತ್ತು. ಹಸಿ ಆರಿತಂದ್ರ ಬಿತ್ತಿಗಿ ಇಲ್ಲ, ಬಿತ್ತಿಗಿ ಇಲ್ಲಂದ್ರ ಮುಂದಿನ ವರ್ಷದ ರೊಟ್ಟಿ ಇಲ್ಲ. ಕಂಟ್ರೋಲ್ ಅಂಗಡಿಯ ಜೋಳ ಮುಗ್ಗಿ ನುಸಿ ಹಿಡದದ್ದು, ಒಂದೂ ಹುಟ್ಟೂದಲ್ಲ. ನನ್ನ ಗಂಡ ಚಳಿಜ್ವರದಾಗ ಕಂಬಳಿ ಹೊದ್ದು ನಡಗಾಕತ್ತಿದ್ದ. ಅತ್ತಿ ನನ್ನ ಮಾರಿ ನೋಡಿ ಅಂದ್ಲು, "ನಿಮ್ಮಣ್ಣ ಬೀಜ ಇಟ್ಟಿರತಾನ. ಹೋಗಿ ತಾ. ನಿಮ್ಮ ಭಾವನ್ನ ಕರಕೊಂಡು ಹೋಗು."

ಭಾವನ ಕೂಡ ಹೋಗೋದಕ್ಕಿಂತ ಚೇಳಿನ ಕೂಡ ಹೋಗೋದು ಚಲೋ ಇತ್ತು. ಚೇಳಿಗೆ ಬಾಯಿ ಇರಂಗಿಲ್ಲ.

ಆಗ ಸೊಸಿ ಆದಾಕಿ ಭಾವನ ಕೂಡ ನೇರ ಮಾತಾಡತಿದ್ದಿಲ್ಲ. ಹೇಳೋದಿದ್ರ ಸೆರಗಿನೊಳಗಿಂದ ಎತ್ತಿಗೋ ಕಂಬಕ್ಕೋ ಹೇಳಿದಂಗ ಹೇಳಬೇಕು. ಹೋಗೂ ಮುಂದ ಹಾದಿ ತುಂಬ ಆತ ಬುದ್ಧಿ ಹೇಳಿದ.

"ನೋಡವಾ, ಹೊರದೇಶದ ನಾಕಾದಾಗ ಮದಲ ಅವರ ಭಾಷಾ ಮಾತಾಡಬೇಕು. ಆಮ್ಯಾಲ ಒಂದು ಕಾಗದ ತೋರಸಬೇಕು. ಏನರ ಇರಲಿ, ಅಚ್ಚು ಹಾಕಿದ್ದಿರಬೇಕು. ಕಾಗದ ಕಂಡ್ರ ಅಂಜತಾರ. ಕೇಳಿದ್ರ ಮದುವಿಗೆ ಹೋಗಿದ್ವಿ ಅಂತ ಹೇಳಬೇಕು."

"ಎತ್ತೇ, ನೀ ಸುಮ್ಮನ ನಡಿಯಪಾ" ಅಂದೆ. "ನಿನಗ್ಯಾರು ಕೇಳಾಕ ಹೋಗಿದ್ರು?"

"ಎತ್ತಿಗೆ ಏನಂದಿ?"

"ಎತ್ತಿಗೆ ತಿಳೀತು" ಅಂತ ಮತ್ತ ಎತ್ತಿಗೇ ಹೇಳಿದೆ.

ತವರಾಗ ಅಣ್ಣ ಬೂದಿ ಹಚ್ಚಿದ ಬೀಜದ ಗಡಿಗಿ ತಗದ. ಜೋಳದ ಬೀಜ ಭಾಳ ಬೇಕಾಗಂಗಿಲ್ಲ, ದೊಡ್ಡ ಉಡಿ ಒಂದು ತುಂಬಿದ್ರ ನಮ್ಮ ಹೊಲಕ್ಕ ಸಾಕು. ಬಿತ್ತೂ ಮುಂದ ಹೆಣ್ಣಮಕ್ಕಳು ಕೂರಿಗಿ ಹಿಂದ ಬೀಜ ಉಡಿಯಾಗ ಕಟಗೊಂಡ ನಡೀತೇವಿ. ಹಂಗ ಕಟಗೊಂಡು ಹೋಗತೇನಿ ಅಂದೆ. ಅಣ್ಣನ ಹೆಂಡ್ತಿ, ನನ್ನ ವೈನಿ, ನನ್ನ ಸೀರಿ ಸೆರಗಿನ ಗಂಟು ಗಟ್ಟಿ ಮಾಡಿ ಜೋಳ ಸುರದ್ಲು. ತವರು ಬಿಡೋ ಹೆಣ್ಣಮಗಳಿಗೆ ಅಕ್ಕಿಲೇ ಉಡಿ ತುಂಬಬೇಕು, ಆದ್ರ ಆ ವರ್ಷ ಅಕ್ಕಿ ಕಂಡವರ್ಯಾರು? ಶಾಸ್ತ್ರಕ್ಕ ಅಂತ ಒಂದು ಹಿಡಿ ಅಕ್ಕಿ, ಒಂದು ಕೊಬ್ಬರಿ ಬಟ್ಟಲ ಮ್ಯಾಲ ಇಟ್ಲು.

"ತಂಗೀ, ಒಂಬತ್ತು ತಿಂಗಳಾದಂಗ ಕಾಣಾಕತ್ತಿ" ಅಂತ ನಕ್ಕಳು.

"ಬೀಜನ ಅಲ್ಲೇನ ವೈನಿ" ಅಂದೆ.

ಭಾವಗ ಅಷ್ಟು ಸಾಲಲಿಲ್ಲ. ಪರದೇಶಕ್ಕ ಬಂದು ಬರಿಗೈಲೆ ಹೋಗಬೇಕೇನು ಅಂತ, ಸವಣೂರಾಗ ಮಾರಾಕ ಎರಡು ಚೀಲ ಜೋಳ ಯಾರ ಕಡೆನೋ ತಗೊಂಡು ಬಂದು ಗಾಡಿಯ ಹುಲ್ಲಿನ ಕೆಳಗ ಹುಗದ. ನಾನು ಎತ್ತಿಗೆ ಹೇಳಿದೆ. ಎತ್ತು ಕೇಳಿತು, ಭಾವ ಕೇಳಲಿಲ್ಲ.

ಮರುದಿವಸ ಮುಂಜಾನೆ ಹೊಂಟು, ಬಿಸಲು ಏರೂ ಹೊತ್ತಿಗೆ ನಾಕಾ ಮುಟ್ಟಿದ್ವಿ. ಭಾವ ಇಳದು, ರುಮಾಲು ಸರಿ ಮಾಡಿಕೊಂಡು, ತನ್ನ ಹಿಂದೂಸ್ತಾನಿ ತಗದ. "ಸಲಾಂ ಸಾಹೇಬ. ಹಮ್ ಶಾದಿ ಸೇ ಆತೇ ಹೈ."

ನಾಕಾದಾವ ಎಲಿ ಉಗುಳಿ, ಬಾಯಿ ಒರಸಿಕೊಂಡು ಅಂದ, "ಕನ್ನಡದಾಗ ಹೇಳ್ರಿ ಯಜಮಾನ್ರ. ನಾನೂ ಇಲ್ಲಿಯಾವನ."

"ಮದುವಿಗೆ ಹೋಗಿದ್ವಿ."

"ಪಕ್ಷದಾಗ ಮದುವಿ ಮಾಡತಾರೇನ್ರಿ ನಿಮ್ಮಲ್ಲಿ?"

ಹಿರೇರಿಗೆ ಎಡಿ ಹಾಕೋ ದಿವಸ ಅವು. ಆ ಹದಿನೈದು ದಿವಸದಾಗ ಹೆಣ್ಣು ನೋಡಾಕನೂ ಯಾರೂ ಹೋಗಂಗಿಲ್ಲ. ಮುಂಬಯಿ ಕಂಡಾವಗ ಮನಿಯ ಪಂಚಾಂಗ ಮರತಿತ್ತು. ಭಾವ ಕಿಸೆದಾಗ ಕೈ ಹಾಕಿ ಕಾಗದ ತಗದ. ಮುಂಬಯಿಯ ಹಳೇ ರೈಲ ತಿಕೀಟು. ನಾಕಾದಾವ ಹಿಂದ ಮುಂದ ತಿರುವಿ ನೋಡಿ ಹೊಳ್ಳಿ ಕೊಟ್ಟ.

"ಇದು ರೈಲಿಂದು. ಈ ಹಾದಿಗೆ ರೈಲ ಬರಂಗಿಲ್ಲ. ಬಂದ್ರ ತೋರಸ್ರಿ, ಬಿಡತೇನಿ."

ಆಮ್ಯಾಲ ನನ್ನ ಕಡೆ ನೋಡಿದ. ಭಾವನಂಥಾವ ಅಲ್ಲ ಆತ, ಕಣ್ಣಿದ್ದಾವ. "ಯವ್ವಾ, ದಣದೀರಿ. ಚಪ್ಪರದಾಗ ಕುಂತು ನೀರು ಕುಡೀರಿ" ಅಂತ ಚಾಪಿ ತೋರಿಸಿದ. ತುಂಬಿದ ಉಡಿ ಕಟಗೊಂಡು ಕುಂತ್ರ ಗಂಟು ಬಿಡತೈತಿ. ಅದು ಆತಗ ಗೊತ್ತಿತ್ತು.

"ನಿಂತ ಕುಡೀತೇನ್ರಿ" ಅಂದೆ.

ತಂಬಿಗಿ ಎತ್ತಿದೆ. ಎತ್ತಿದಾಗ ಗಂಟು ಸಡಲಿ ನಾಕು ಕಾಳು ಪಾದದ ಮ್ಯಾಲ ಬಿದ್ವು. ಬಿದ್ದದ್ದು ಜೋಳ. ಇಬ್ಬರೂ ನೋಡಿದ್ವಿ.

"ತವರಿನ ಉಡಿ ಅಕ್ಕೀದಿರತೈತಿ. ಜೋಳದ ಉಡಿ ಯಾವೂರ ಪದ್ಧತಿ ಯವ್ವಾ?"

ಭಾವ ನಡುವ ಬಾಯಿ ಹಾಕಿದ. "ಅದು ಅಕ್ಕೀನ. ಅವರ ಊರಾಗ ಅಕ್ಕಿ ಹಂಗ ಇರತೈತಿ."

ಇಷ್ಟಕ್ಕ ನಾನು ಸೆರಗು ಹಿಂದ ಸರಿಸಿದೆ. ರೂಢಿ ಕಾಯ್ದ್ರ ಬೀಜ ಹೋಗತಿತ್ತು. "ಭಾವಾರ, ಬಾಯಿ ಮುಚ್ಚಿಕೊಳ್ರಿ" ಅಂದೆ. ಲಗ್ನ ಆದ ಮ್ಯಾಲ ಆತಗ ನಾ ಆಡಿದ ಮದಲನೇ ಮಾತು ಅದು. ನಾಕಾದಾವಗ ಹೇಳಿದೆ, "ಇದು ಬಿತ್ತೋ ಉಡಿರಿ. ನಮ್ಮ ಬೀಜ ನೀರಾಗ ಕೊಳತು ಹೋತು. ಹಸಿ ಆರಾಕತ್ತೇತಿ. ನಾಳಿ ಬಿತ್ತಬೇಕು. ಪರವಾನಗಿ ಇಲ್ಲ."

"ಬಿತ್ತೋ ಬೀಜ ಅನ್ನಾಕ ಗುರುತ ಏನೈತಿ?"

ಒಂದು ಹಿಡಿ ತಗದು ಆತನ ಅಂಗೈಯಾಗ ಹಾಕಿದೆ. ಆತ ತಿಕ್ಕಿ ನೋಡಿದ. ಅಂಗೈ ಬೂದಿ ಆತು. ಬೂದಿ ಹಚ್ಚಿದ ಕಾಳು ಯಾರೂ ಮಾರಂಗಿಲ್ಲ, ಬೀಸಿ ತಿನ್ನಂಗಿಲ್ಲ. ಮಣ್ಣಾಗ ಕೈ ಇಟ್ಟವರಿಗೆ ಇದನ್ನ ತಿಳಿಸಿ ಹೇಳೋದು ಬೇಕಾಗಂಗಿಲ್ಲ. ಆತ ಆ ಹಿಡಿ ಕಾಳು ಕೆಳಗ ಚೆಲ್ಲಲಿಲ್ಲ, ಹೊಳ್ಳಿ ನನ್ನ ಕೈಯಾಗ ಹಾಕಿದ.

"ನೀವು ನಡೀರಿ" ಅಂದ. "ಗಾಡಿ ನಿಲ್ಲಲಿ. ಯಜಮಾನ್ರ ಹುಲ್ಲ ಭಾಳ ತೂಕ ಕಾಣತೈತಿ, ಎತ್ತು ಬಾಯಿ ಬಿಡಾಕತ್ತಾವು."

ಗಳ ಎತ್ತಿದ. ನಾನು ದಾಟಿದೆ. ಹಿಂದ ಭಾವ ಮತ್ತ ಹಿಂದೂಸ್ತಾನಿ ಸುರು ಮಾಡಿದ್ದು ಕೇಳಿಸ್ತು. ಹೊಳ್ಳಿ ನೋಡಲಿಲ್ಲ.

ಉಳದ ಹಾದಿ ನಡದ ಹೋದೆ. ಎಲ್ಲೂ ಕುಂಡ್ರಲಿಲ್ಲ. ನಡಾ ಹರದು ಹೋದಂಗ ಆತು. ಅದರಾಗ ದೊಡ್ಡಸ್ತನ ಏನಿಲ್ಲ, ಎಮ್ಮಿನೂ ಹೊತಗೊಂಡ ನಡೀತೈತಿ. ಅತ್ತಿ ಬಾಗಲದಾಗ ನಿಂತಿದ್ಲು. ಉಡಿ ಮುಟ್ಟಿ ನೋಡಿ, "ಬಾ" ಅಂದ್ಲು. ಮೊಮ್ಮಗ ಹುಟ್ಟಿದಾಗನೂ ಆಕಿ ಅಷ್ಟು ಮೆತ್ತಗ ಮುಟ್ಟಿದ್ದಿಲ್ಲ.

ಭಾವ ಸಂಜಿಗೆ ಖಾಲಿ ಗಾಡಿ ಹೊಡಕೊಂಡು ಬಂದ. ಚೀಲ ನಾಕಾದಾಗ ಜಪ್ತಿ ಆಗಿದ್ವು. ಕೈಕಾಲು ತೊಳಕೊಳ್ಳೋದು ಬಿಟ್ಟು ಊರ ಕಟ್ಟಿ ಮ್ಯಾಲ ಹೋಗಿ ಕುಂತ. ಹೊರದೇಶಕ್ಕ ಹೋಗೂ ಮುಂದ ಹೆಣ್ಣಮಕ್ಕಳನ್ನ ಕರಕೊಂಡು ಹೋಗಬಾರದು ಅಂತ ಅಲ್ಲಿ ಹೇಳಾಕತ್ತಿದ್ದ. ಕುಂತವರು ಕೇಳಾಕತ್ತಿದ್ರು. ಅಂಥಾ ಮಂದಿ ಎಲ್ಲಾ ಕಾಲಕ್ಕೂ ಸಿಗತಾರ.

ಹೊರದೇಶಕ್ಕ ಹೋಗೋರಿಗೆ ನನಗ ಗೊತ್ತಿದ್ದದ್ದು ಇಷ್ಟ. ಬೇಕಾದದ್ದು ಮೈಗೆ ಕಟಗೊಳ್ರಿ, ಗಾಡಿಯಾಗ ಇಡಬ್ಯಾಡ್ರಿ. ಕೇಳದ ಕಾಗದ ತೋರಸಬ್ಯಾಡ್ರಿ. ಬಾರದ ಭಾಷಾ ಆಡಿ ಆ ಮನಷ್ಯಾನ ಹೊತ್ತು ಹಾಳ ಮಾಡಬ್ಯಾಡ್ರಿ. ಸುಳ್ಳ ಹೇಳಲೇಬೇಕಂದ್ರ ಮದಲ ತಿಥಿ ನೋಡಿ ಹೇಳ್ರಿ. ತಿಳದಾವ ಅನಸ್ಕೊಂಡಾವ ಜೋಡಿ ಬರತೇನಿ ಅಂದ್ರ ಒಂದು ದಿವಸ ತಡಾ ಮಾಡಿ ಒಬ್ಬರ ಹೋಗ್ರಿ.

ಮರುದಿವಸ ನಸಕಿನಾಗ ನನ್ನ ಗಂಡ ಜ್ವರದಾಗನ ಎದ್ದು ಬಂದು ಕೂರಿಗಿ ಹೂಡಿದ. ಮಣ್ಣು ಹಿಡದು ಮುದ್ದಿ ಮಾಡಿ ನೋಡಿದೆ, ಹಸಿ ಇನ್ನೂ ಇತ್ತು. ಅದ ಸೀರಿ, ಅದ ಉಡಿ ಕಟಗೊಂಡು ಕೂರಿಗಿ ಹಿಂದ ನಡದೆ. ಕೂರಿಗಿಯ ಬಟ್ಟಲದಾಗ ಬೀಜ ಬಿಡಕೊಂತ ಹೋದೆ. ಬೀಜದ ಕೂಡ ವೈನಿ ಹಾಕಿದ ಅಕ್ಕೀನೂ ಒಂದೊಂದು ಕಾಳು ಇಳೀತಿತ್ತು, ಆರಿಸಾಕ ಹೊತ್ತಿದ್ದಿಲ್ಲ. ಹೊಲದ ನಡುವಿಗೆ ಬಂದಾಗ ಭಾವ ಬೂಟು ಹಾಕ್ಕೊಂಡು ಸಾಲು ತುಳಕೊಂತ ಬಂದು ಎದುರು ನಿಂತ.

"ಹಿಂಗ ಒತ್ತಾಗಿ ಬಿಡಬಾರದವಾ. ಬೀಜ ಸಾಲತಾವೇನು?"

ನಾನು ಸೆರಗು ಮುಂದ ಎಳಕೊಂಡು ಎತ್ತಿಗೆ ಹೇಳಿದೆ, "ಬಾಜೂಕ ಸರೀಪಾ. ಬಿತ್ತೋ ಮಂದಿ ಬರಾಕತ್ತಾರ."