ಅರ್ಧಕ್ಕೆ ನಿಂತ ಕೊಡೆಯ ಕಥೆ

ಮನೆಯಲ್ಲಿ ಅವಳಿಗೆ ಇಟ್ಟಿದ್ದ ಅಡ್ಡಹೆಸರು ರೇಡಿಯೋ. ಹಲ್ಲುಜ್ಜುವಾಗಲೂ ಮಾತು ನಿಲ್ಲುತ್ತಿರಲಿಲ್ಲ. “ಬಾಯಿಗೊಂದು ಬೀಗ ಹಾಕ್ಕೊಳ್ಳೇ” ಎಂದು ಅಮ್ಮ ದಿನಕ್ಕೆ ಹತ್ತು ಸಲ ಗದರುತ್ತಿದ್ದಳು. ಅಪ್ಪ ಗದರುತ್ತಿರಲಿಲ್ಲ. ಮನೆಗಳಿಗೆ ಬಣ್ಣ ಹೊಡೆಯುವ ಆ ಮನುಷ್ಯ, ಬಾಯಿ ಬಿಟ್ಟರೆ ಮುತ್ತು ಉದುರೀತು ಎನ್ನುವ ಜಾತಿ. ಆದರೆ ಮಗಳ ಮಾತು ಅವನ ಕೆಲಸಕ್ಕೆ ಬೇಕಾಗಿತ್ತು.

ಬಣ್ಣದವರಲ್ಲಿ ಒಂದು ಕ್ರಮವಿತ್ತು. ಏಣಿ ಹಿಡಿದವರು ಕೆಳಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಏನಾದರೂ ಮಾತಾಡುತ್ತಲೇ ಇರಬೇಕು. ಮೇಲಿದ್ದವರು ಕೆಳಗೆ ನೋಡುವುದಿಲ್ಲ, ಕೇಳಿಸಿಕೊಳ್ಳುತ್ತಾರೆ. ಮಾತು ಕೇಳುತ್ತಿದೆಯೆಂದರೆ ಏಣಿ ಭದ್ರವಾಗಿದೆ ಎಂದರ್ಥ. ರಜೆ ಬಂತೆಂದರೆ ರೇಡಿಯೋಗೆ ಅದೇ ಉದ್ಯೋಗ, ಹೇಳಿ ಮಾಡಿಸಿದಂಥದ್ದು.

ಅವಳಿಗೆ ಹದಿಮೂರಾಗಿದ್ದಾಗಿನ ಮಾತು. ಅಪ್ಪ ಎತ್ತರದ ಹಜಾರವೊಂದರಲ್ಲಿ ಮೇಲಿನ ಅಂಚಿಗೆ ಬಣ್ಣ ಎಳೆಯುತ್ತಿದ್ದ. ಅವಳು ಕೆಳಗೆ ನಿಂತು, ಗೆಳತಿಯರಿಬ್ಬರು ಒಂದು ಕೊಡೆಗಾಗಿ ಜಗಳವಾಡಿದ ಕಥೆ ಹೇಳುತ್ತಿದ್ದಳು. ಎಲ್ಲಿಂದಲೋ ಬಂದ ಬೆಕ್ಕಿನ ಮರಿ ಬಣ್ಣದ ಡಬ್ಬಕ್ಕೆ ಮೂತಿ ಹಾಕಿತು. ಅದನ್ನು ಎತ್ತಿಕೊಳ್ಳಲು ಅವಳು ಏಣಿ ಬಿಟ್ಟು ಆಚೆ ಹೋದಳು. ಕಥೆ ಮಾತ್ರ ಬಿಡಲಿಲ್ಲ. ಆ ಮಾತನ್ನು ನಂಬಿ ಅಪ್ಪ ಮೂಲೆಯ ಕಡೆ ಬಾಗಿದ. ಏಣಿ ಜಾರಿತು.

ಜೀವ ಉಳಿಯಿತು. ಬಲಗಾಲು ಮತ್ತೆ ಏಣಿ ಹತ್ತುವಂತಾಗಲಿಲ್ಲ.

ಅವಳನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಗೊಳೋ ಎಂದು ಅತ್ತು ಹಗುರಾಗುತ್ತಿದ್ದಳೋ ಏನೋ ಪಾಪ. ಮೆಟ್ಟಿಲ ಮೇಲೆ ತನ್ನ ಕಾಲು ಇಲ್ಲದಿದ್ದರೂ ಇದೆ ಎಂದು ತನ್ನ ಬಾಯಿ ಸುಳ್ಳು ಹೇಳಿತು ಎಂದು ಅವಳೇ ತೀರ್ಪು ಕೊಟ್ಟುಕೊಂಡಳು. ಅಂದಿನಿಂದ ಕೇಳಿದ್ದಕ್ಕೆ ಹೂಂ, ಉಹೂಂ, ಅಷ್ಟೇ. ಹುಡುಗಿಗೆ ಎಂಥ ಗಾಂಭೀರ್ಯ ಬಂತು ಎಂದು ಅಕ್ಕಪಕ್ಕದವರು ಹೊಗಳಿದರು; ಅವರ ಬುದ್ಧಿಗೆ ಏನನ್ನಬೇಕು! ಬೀಗ ಹಾಕ್ಕೋ ಎಂದಿದ್ದ ಅಮ್ಮ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಓದು ಮುಗಿದ ಮೇಲೆ ಬ್ರಷ್ ಅವಳ ಕೈಗೆ ಬಂತು. ಕೈ ಹದವಾಗಿತ್ತು. ಆದರೆ ಸ್ಟೂಲಿನ ಮೇಲೆ ನಿಂತರೆ ಎಟುಕುವಷ್ಟೇ ಬಳಿಯುತ್ತಿದ್ದಳು; ಮೇಲಿನದಕ್ಕೆ ಬೇರೆಯವರನ್ನು ಕರೆಸಬೇಕಿತ್ತು. ಕೆಳಗಿನವರ ಮಾತು ನಂಬಿ ಹತ್ತುವುದು ಅವಳಿಂದ ಆಗುತ್ತಿರಲಿಲ್ಲ.

ಒಂದು ಶಾಲೆಯ ಕೆಲಸ ಬಂದಾಗ ಅಪ್ಪ ಊರುಗೋಲು ಊರಿಕೊಂಡು ಜೊತೆಗೇ ಹೊರಟ. ಅಲ್ಲಿ ಊರುಗೋಲನ್ನು ಗೋಡೆಗೆ ಒರಗಿಸಿ, ಆ ಕುಂಟುಗಾಲನ್ನೇ ಏಣಿಯ ಕೆಳಮೆಟ್ಟಿಲ ಮೇಲಿಟ್ಟು, ಎರಡೂ ಕೈಯಿಂದ ಹಿಡಿದ.

“ಹತ್ತಮ್ಮ,” ಅಂದ.

ಅವಳು ಹತ್ತಿದಳು. ಕೆಳಗೆ ಅಪ್ಪ ಗಂಟಲು ಸರಿಮಾಡಿಕೊಂಡ.

“ಇವತ್ತು ಬಿಸಿಲು ಜಾಸ್ತಿ. ನಿನ್ನೆನೂ ಜಾಸ್ತಿ ಇತ್ತು. ಬೆಳಿಗ್ಗೆ ನಿಮ್ಮಮ್ಮ ಕನ್ನಡಕ ಹುಡುಕ್ತಿದ್ಳು. ತಲೆ ಮೇಲೇ ಇತ್ತು. ನಾನು ಹೇಳಲಿಲ್ಲ.”

ಹುಟ್ಟಿದಾಗಿನಿಂದ ಒಂದೇ ಸಲಕ್ಕೆ ಇಷ್ಟು ಮಾತಾಡಿದವನಲ್ಲ. ಬೆವರುತ್ತಾ, ತಡವರಿಸುತ್ತಾ, ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಒಂದೊಂದೇ ಮಾತು ಹೆಕ್ಕಿ ಮೇಲೆ ಕಳಿಸುತ್ತಿದ್ದ. ಅವಳಿಗೆ ನಗು ಬಂತು. ಬ್ರಷ್ ಅಂಚಿನುದ್ದಕ್ಕೂ ಸಾಗಿತು. ಮೂಲೆ ಬಂತು. ಇನ್ನು ಬಾಗಲೇಬೇಕು. ಅಷ್ಟರಲ್ಲಿ ಕೆಳಗಿನ ಮಾತು ನಿಂತುಹೋಯಿತು.

“ಅಪ್ಪಾ?”

“ಇಲ್ಲೇ ಇದ್ದೀನಮ್ಮ. ಕಾಲು ಇಟ್ಟೇ ಇದ್ದೀನಿ. ನನ್ನ ಹತ್ರ ಇದ್ದ ಮಾತು ಮುಗೀತು, ಅಷ್ಟೆ.” ಕತ್ತೆತ್ತಿ ಕೇಳಿದ, “ಆವತ್ತು ಆ ಕೊಡೆ ಕೊನೆಗೆ ಯಾರಿಗೆ ಸಿಕ್ತು? ನನಗೆ ಗೊತ್ತೇ ಆಗಲಿಲ್ಲ.”

ಅವಳ ಕಣ್ಣಿಗೆ ಗೋಡೆ ಕಾಣದಾಯಿತು. ತೋಳಿನಿಂದ ಕಣ್ಣೊರೆಸಿಕೊಂಡಳು.

“ಇಬ್ಬರಿಗೂ ಸಿಗಲಿಲ್ಲಪ್ಪ,” ಎನ್ನುತ್ತಾ ಅವಳು ಮೂಲೆಗೆ ಕೈ ಚಾಚಿದಳು. “ಟೀಚರ್ ಬಂದು ಏನು ಮಾಡಿದ್ರು ಗೊತ್ತಾ...”